ದೊಡ್ಡಪ್ಪನ ಕಾಗೆಬಂಗಾರ

ನಿಮ್ಮ ಮನೆಯಲ್ಲಿ ಯಾರಿಗಾದರೂ ಒಂದು ಕಲ್ಲಿನ ಮೇಲೆ ಮೋಹ ಇದೆಯೇ? ಸಾಲಿಗ್ರಾಮವಲ್ಲ, ವಜ್ರವಲ್ಲ, ರುಬ್ಬುವ ಕಲ್ಲೂ ಅಲ್ಲ. ಇಲ್ಲವೆಂದಾದರೆ ನೀವು ಪುಣ್ಯವಂತರು! ನಮ್ಮ ದೊಡ್ಡಪ್ಪನಿಗಿದೆ. ಅದರ ಹೆಸರು ಮೈಕಾ. ಅವರೆದುರು ಮಾತ್ರ ಹಾಗೆನ್ನಬೇಡಿ. "ಕಾಗೆಬಂಗಾರ ಅಂತ ಚಂದದ ಹೆಸ್ರಿಲ್ವೇನಮ್ಮ? ತೆಲುಗಿನೋರು ಕಾಕಿಬಂಗಾರಂ ಅಂತಾರೆ, ತಮಿಳರೂ ಕಾಗೆಯನ್ನ ಬಿಟ್ಟಿಲ್ಲ, ನಾವ್ಯಾಕೆ ಬಿಡ್ಬೇಕು?" ಎಂದು ಶುರುವಾದರೆ, ಕೇಳುವವರ ಕಾಫಿ ತಣ್ಣಗಾದ ಮೇಲೂ ಮುಗಿಯುವುದಿಲ್ಲ.

ದೊಡ್ಡಪ್ಪ ಕೆಲಸ ಮಾಡಿದ್ದು ಮೋಟಾರು ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ. ಕರೆಂಟು ಸೋರದಂತೆ ತಂತಿಗಳ ಸುತ್ತ ಈ ಕಲ್ಲಿನ ತೆಳುಹಾಳೆ ಸುತ್ತುವ ವಿಭಾಗ. ನಿವೃತ್ತರಾಗಿ ನಾಗಸಂದ್ರದ ಮನೆ ಸೇರಿದರು. ಕಲ್ಲೂ ಹಿಂದೆಯೇ ಬಂತು. ಇಸ್ತ್ರಿಪೆಟ್ಟಿಗೆ ಕೆಟ್ಟರೆ ದೊಡ್ಡಮ್ಮ ಅಳುತ್ತಾರೆ, ದೊಡ್ಡಪ್ಪ ಖುಷಿಯಿಂದ ಬಿಚ್ಚಿ, "ನೋಡೇ, ಒಳಗೆ ಯಾರಿದಾರೆ!" ಎಂದು ನೆಂಟರನ್ನು ತೋರಿಸುವಂತೆ ಮೈಕಾ ತೋರಿಸುತ್ತಾರೆ.

ಒಮ್ಮೆ ಅವರೊಂದಿಗೆ ಮೆಟ್ರೋ ಹತ್ತಿದ್ದೆ. ಇಡೀ ದಿನ ಆಫೀಸಿನ ಕಾಲ್‌ಗಳಲ್ಲಿ ಅರೆದು ಹೋದ ನನಗೆ ಬೇಕಿದ್ದದ್ದು ಒಂದು ಸಣ್ಣ ತೂಕಡಿಕೆ. ಎದುರು ಸೀಟಿನಲ್ಲಿ ಒಬ್ಬಳು ಹುಡುಗಿ, ಕಣ್ಣರೆಪ್ಪೆಯ ಮೇಲೆ ಮಿರಮಿರ ಬಣ್ಣ.

"ಮಗಳೇ, ನಿನ್ನ ಕಣ್ಮೇಲಿರೋದು ಕಾಗೆಬಂಗಾರದ ಪುಡಿ, ಗೊತ್ತಾ?"

"ಅಯ್ಯೋ ಇಲ್ಲ ಅಂಕಲ್, ಇಂಪೋರ್ಟೆಡ್ಡು!"

ಅಷ್ಟು ಸಾಕಲ್ಲ! ಮುಂದಿನ ನಿಲ್ದಾಣಗಳೆಲ್ಲ ಉಪನ್ಯಾಸಕ್ಕೆ ಸಮರ್ಪಣೆಯಾದವು. ನಾನು ಕಿಟಕಿಯ ಕಡೆ ತಿರುಗಿ, ಈ ಹಿರಿಯರು ಯಾರೋ ಏನೋ ಎನ್ನುವಂತೆ ಕೂತಿದ್ದೆ.

ಇದೆಲ್ಲ ನಗುವ ಮಾತು. ನಗಲಾರದ್ದು ನಡೆದದ್ದು ದೊಡ್ಡಪ್ಪನ ಒಬ್ಬಳೇ ಮಗಳು ಸುಮಾಳ ನಿಶ್ಚಿತಾರ್ಥದ ದಿನ.

ಗಂಡಿನವರು ಬೇಗೂರಿನ ಹಳೆಯ ಮನೆತನ. ಹುಡುಗನ ಸೋದರಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದರು: "ಯಜಮಾನ್ರು ಏನ್ ಕೆಲ್ಸ ಮಾಡ್ಕೊಂಡಿದ್ರಿ?"

ಕಾರ್ಖಾನೆಯಲ್ಲಿದ್ದೆ ಎಂದರೆ ಮುಗಿಯುತ್ತಿತ್ತು. ದೊಡ್ಡಪ್ಪ ಎದೆಯುಬ್ಬಿಸಿದರು. "ಇಡೀ ಆಯಸ್ಸು ಕಾಗೆಬಂಗಾರದಲ್ಲೇ ಕಳೆದೆ ಸ್ವಾಮಿ! ಈ ಮನೆ, ಮಗಳ ಓದು, ಅವಳ ಮೈಮೇಲಿರೋ ಒಡವೆ, ಎಲ್ಲಾ ಕಾಗೆಬಂಗಾರದ್ದೇ!"

ಹುಡುಗನ ತಾಯಿ ನಿಧಾನವಾಗಿ ಕೇಳಿದರು, "ಅಂಗಂದ್ರೆ... ಸರನೂ ಕಾಗೆಬಂಗಾರದ್ದಾ?"

ಬೇಗೂರಿನ ಕಡೆ ಕಾಗೆಬಂಗಾರವೆಂದರೆ ಹೊಳೆಯುವ ಸುಳ್ಳು, ನಕಲಿ ಚಿನ್ನ ಅಷ್ಟೇ. ನಾವು ಎಷ್ಟು ವಿವರಿಸಿದರೂ ಪ್ರಯೋಜನವಾಗಲಿಲ್ಲ. ವಿವರಿಸಿದಷ್ಟೂ ನಾವೇ ಕಳ್ಳರಂತೆ ಕಾಣುತ್ತಿದ್ದೆವು. ಕೊನೆಗೆ ಸೋದರಮಾವ ಸುಮಾಳ ಕೊರಳಿನಿಂದ ಸರ ಬಿಚ್ಚಿಸಿಕೊಂಡು ಪಕ್ಕದ ಬೀದಿಯ ಚಿನ್ನದಂಗಡಿಗೆ ನಡೆದರು. ಬರಿಗೊರಳಿನ ಹುಡುಗಿ ಹಸೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಒಬ್ಬಟ್ಟು ಆರುತ್ತಿತ್ತು.

ಸರ ಮರಳಿತು. ಅಪ್ಪಟ ಚಿನ್ನ. ಬೀಗರು ಹಲ್ಲುಕಿರಿದರು. ಎಲ್ಲರೂ ಉಸಿರು ಬಿಟ್ಟ ಆ ಗಳಿಗೆಯಲ್ಲಿ ದೊಡ್ಡಪ್ಪ ಸುಮ್ಮನಿರಬಾರದೇ? "ಚಿನ್ನ ಸರಿ. ಆದ್ರೆ ಕರೆಂಟು ತಡೆಯೋ ಯೋಗ್ಯತೆ ಅದಕ್ಕಿಲ್ಲ ನೋಡಿ!"

ನೆಂಟರು ಹೋದ ಮೇಲೆ ಸುಮಾ ಅತ್ತಳು. "ಅಪ್ಪಾ, ಇನ್ಮೇಲೆ ಆ ಕಲ್ಲಿನ ಹೆಸ್ರು ಬಾಯಲ್ಲಿ ಬರ್ಕೂಡ್ದು. ನಂಗೆ ಮಾತು ಕೊಡಿ."

ದೊಡ್ಡಪ್ಪ ಕೊಟ್ಟರು.

ಮದುವೆ ಮುಗಿಯಿತು, ಸುಮಾ ಬೇಗೂರು ಸೇರಿದಳು. ದೊಡ್ಡಪ್ಪ ಮಾತು ಉಳಿಸಿಕೊಂಡರು. ಅಬ್ಬಾ, ಶಾಂತಿ! ಎಂದುಕೊಂಡೆವು. ಆದರೆ ಅವರ ಬೇರೆ ಮಾತುಗಳೂ ಅದರ ಹಿಂದೆಯೇ ಹೊರಟುಹೋದವು. ಊಟಕ್ಕೆ ಕರೆದರೆ ಬರುವರು, ಬಡಿಸಿದ್ದನ್ನು ಉಣ್ಣುವರು. ಇಸ್ತ್ರಿಪೆಟ್ಟಿಗೆ ಕೆಟ್ಟರೆ, "ಹೊಸದು ತಗೋ" ಎನ್ನುವರು. ದೊಡ್ಡಮ್ಮ ನನಗೆ ಫೋನ್ ಮಾಡಿ, "ಒಂದೆರಡು ದಿನ ಕರ್ಕೊಂಡು ಹೋಗೇ, ಈ ಮೌನ ನನ್ ಕೈಲಾಗಲ್ಲ" ಎಂದರು.

ಕರೆತಂದೆ. ಹೂಡಿಯ ನಮ್ಮ ಫ್ಲ್ಯಾಟಿನಲ್ಲಿ ಆಗ ಬೀರುವಿನ ಕೆಲಸ ನಡೆಯುತ್ತಿತ್ತು. ಬಡಗಿ ಬಂದು, "ಮೇಡಂ, ಬಾಗ್ಲಿಗೆ ಯಾವ ಮೈಕಾ ಹೊಡೀಲಿ?" ಎಂದ. ಬಡಗಿಗಳು ಮೈಕಾ ಎನ್ನುವ ಆ ಹೊಳೆಯುವ ಹಾಳೆ ಬರೀ ಕಾಗದ ಮತ್ತು ಅಂಟು, ಅದರಲ್ಲಿ ಮೈಕಾ ಒಂದು ಚೂರೂ ಇಲ್ಲ! ಹಿಂದಿನ ದೊಡ್ಡಪ್ಪನಾಗಿದ್ದರೆ ಆ ಬಡಗಿ ಅವತ್ತೇ ಕಸುಬು ಬಿಡುತ್ತಿದ್ದ. ನಾನು ಉಸಿರು ಬಿಗಿಹಿಡಿದೆ.

ದೊಡ್ಡಪ್ಪ ಬಾಲ್ಕನಿಯ ಕಡೆ ಮುಖ ತಿರುಗಿಸಿ ಟೀ ಕುಡಿದರು.

ನನ್ನ ಲ್ಯಾಪ್‌ಟಾಪಿನಲ್ಲಿ ಯಾರೋ ಮಾತಾಡುತ್ತಲೇ ಇದ್ದರು. ಮುಚ್ಚಿಟ್ಟು ಅವರ ಪಕ್ಕ ಹೋಗಿ ಕೂತೆ. ಕೇಳಬಾರದೆಂದು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ದೊಡ್ಡಪ್ಪ, ಅದಕ್ಕೆ ಕಾಗೆಬಂಗಾರ ಅಂತ ಯಾಕೆ ಹೆಸ್ರು?"

ಅವರು ನನ್ನ ಕಡೆ ತಿರುಗಿದರು.

"ಕಾಗೆ ಹೊಳೆಯೋದ್ ಕಂಡ್ರೆ ಚಿನ್ನ ಅಂತ ಗೂಡಿಗೆ ಒಯ್ಯುತ್ತಂತೆ. ಅದಕ್ಕೇ ಇರ್ಬೇಕಮ್ಮ, ಸರಿಯಾಗಿ ಗೊತ್ತಿಲ್ಲ." ಲೋಟ ಕೆಳಗಿಟ್ಟರು. "ಸುಮಾ ಚಿಕ್ಕೋಳಿದ್ದಾಗ ಕಾರ್ಖಾನೆಯಿಂದ ಒಂದ್ ಚೂರು ತಂದು ಕೊಟ್ಟಿದ್ದೆ. ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ಲು. 'ನಮ್ಮಪ್ಪ ಬಂಗಾರದ ಫ್ಯಾಕ್ಟ್ರೀಲಿದಾರೆ' ಅಂತ ಇಡೀ ಬೀದಿಗೆ ಹೇಳ್ಕೊಂಡು ಬರ್ತಿದ್ಲು. ಆಮೇಲೆ ನಂಗೆ ಅದ್ರ ಹೆಸ್ರು ಹೇಳೋಕೆ ಒಂಥರಾ ಹೆಮ್ಮೆ ಬಂದ್ಬಿಡ್ತು ಕಣಮ್ಮ."

ನಾನು ಅವರ ಕೈ ಹಿಡಿದುಕೊಂಡೆ.

"ಮಾತಾಡಿದೆ ಅಂತ ಅವಳಿಗೆ ಹೇಳ್ಬೇಡ," ಎಂದರು ಮೆಲ್ಲಗೆ. "ಮಾತು ಕೊಟ್ಟಿದೀನಿ."