ಎಲ್ಲರಿಗೂ ಅರವತ್ನಾಲ್ಕು

ನನಗೆ ಇಲ್ಲ ಎನ್ನಲು ಬರುವುದಿಲ್ಲ. ಇದೊಂದು ಸದ್ಗುಣವೆಂದು ಬಹಳ ವರ್ಷ ನಂಬಿದ್ದೆ. ಬರುವ ಭಾನುವಾರ ಮುಂಜಾನೆ ಮಾನ್ವಿಗೆ ಬಂದು ಟಿವಿ ನೋಡಿ ಸರಿಮಾಡುತ್ತೇನೆಂದು ಮಾವನವರಿಗೆ ಹೇಳಿದ್ದೇನೆ. ಅದೇ ಮುಂಜಾನೆ ಪಕ್ಕದ ಮನೆಯವರ ಗೃಹಪ್ರವೇಶದಲ್ಲಿ ಬಡಿಸಲು ನಿಲ್ಲುತ್ತೇನೆಂದೂ ಹೇಳಿದ್ದೇನೆ. ಎರಡೂ ಕಡೆ ನಂಬಿದ್ದಾರೆ. ಹೆಂಡತಿ ಮಾತ್ರ ನಂಬಿಲ್ಲ.

ರಾಯಚೂರಿನ ಒಂದು ಕಾಲೇಜಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪರೀಕ್ಷೆ, ಅಕೌಂಟ್ಸ್, ಗ್ರಂಥಾಲಯ, ಪ್ರವೇಶ ಎಂದು ನಾಲ್ಕು ವಿಭಾಗಕ್ಕೆ ನಾಲ್ಕು ಸರ್ವರ್. ಆದರೆ ಎಲ್ಲರ ದಾಖಲೆಗಳೂ ಇರುವುದು ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಒಂದು ಸರ್ವರ್ ಉತ್ತರ ಬರುವ ಮೊದಲೇ ಎಷ್ಟು ಬೇಡಿಕೆಗಳನ್ನು ಆ ಪೆಟ್ಟಿಗೆಯ ಮುಂದೆ ಸಾಲಾಗಿ ಇಡಬಹುದು ಎಂಬುದಕ್ಕೆ ಒಂದು ಮಿತಿ ಹಾಕಬೇಕು. ಅದನ್ನು ಕ್ಯೂ ಡೆಪ್ತ್ ಎನ್ನುತ್ತೇವೆ. ನಮ್ಮ ಪೆಟ್ಟಿಗೆ ತಾಳುವುದು ಒಟ್ಟು ನೂರಿಪ್ಪತ್ತೆಂಟು. ನಾಲ್ಕರಿಂದ ಭಾಗಿಸಿ ತಲೆಗೆ ಮೂವತ್ತೆರಡು ಇಟ್ಟಿದ್ದೆ. ಸಂಸಾರ ಸುಖವಾಗಿ ನಡೆದಿತ್ತು.

ಕೆಡಿಸಿದ್ದು ನನ್ನ ಬಾಯಿ. ಫಲಿತಾಂಶದ ಸಮಯ, ನಮಗೆ ಸ್ವಲ್ಪ ಜಾಸ್ತಿ ಮಾಡಿ ಎಂದು ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟರು ಕೇಳಿದರು. ಆತ್ರೀ ಎಂದು ಅರವತ್ನಾಲ್ಕು ಮಾಡಿದೆ. ಸುದ್ದಿ ಚಹದಂಗಡಿ ಮುಟ್ಟಿತು. ಅಕೌಂಟ್ಸಿನವರು ಬಂದು, ಅದು ಏನೆಂದೂ ಕೇಳದೆ, ತಮಗೂ ಅರವತ್ನಾಲ್ಕು ಬೇಕೆಂದರು. ಸೇವೆಯಲ್ಲಿ ಅವರಿಬ್ಬರಿಗಿಂತ ತಾವು ಹಿರಿಯರೆಂದು ಗ್ರಂಥಪಾಲಕರು ನೆನಪಿಸಿದರು. ಪ್ರವೇಶ ವಿಭಾಗದವರು ಏನೂ ಕೇಳದೆ ಮಾತು ಬಿಟ್ಟರು. ಅವರಿಗೆ ನಾನೇ ಹೋಗಿ ಕೊಟ್ಟು ಬಂದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎನ್ನುತ್ತಾರೆ. ಒಂದೇ ಹಾಸಿಗೆಯಲ್ಲಿ ನಾಲ್ವರಿಗೂ ಪೂರ್ತಿ ಕಾಲು ಚಾಚಲು ಹೇಳಿದ್ದೆ.

ಈ ಸೋಮವಾರ ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಕೂತರು. ತುಂಬಿದೆ ಎಂದು ಪೆಟ್ಟಿಗೆ ಬೇಡಿಕೆಗಳನ್ನು ತಿರುಗಿ ಕಳಿಸುವುದು, ಸರ್ವರ್‌ಗಳು ಮತ್ತೆ ಅವನ್ನೇ ಒಯ್ಯುವುದು. ಓಡಾಟ ಬಹಳ, ಕೆಲಸ ಇಲ್ಲ. ಅದೇ ಹೊತ್ತಿಗೆ ದೇವದುರ್ಗದ ಕಡೆಯ ಮಸರಕಲ್ಲಿನಿಂದ ಮಲ್ಲಮ್ಮ ಎಂಬವರು ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ ನೌಕರಿಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ಮರುದಿನ ಮುಂಜಾನೆ ಕಲಬುರಗಿಯಲ್ಲಿ ದಾಖಲೆ ಪರಿಶೀಲನೆ. ಅಂಕಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ನೌಕರಿ, ಪಟ್ಟಿಯಲ್ಲಿ ಅವಳ ಹಿಂದಿರುವವರಿಗೆ ಹೋಗುತ್ತದೆ. ಪರೀಕ್ಷಾ ವಿಭಾಗದವರು, ಪ್ರಿಂಟ್ ಬರುತ್ತಿಲ್ಲ, ಸರ್ವರ್ ನೋಡುವವರನ್ನೇ ಕೇಳಿ ಎಂದು ನನ್ನ ಕೋಣೆಗೆ ಕಳಿಸಿದ್ದರು. ಸಂಜೆಯೊಳಗೆ ಖಂಡಿತ ಎಂದು ನಾನು ಅಭ್ಯಾಸದಂತೆ ಹೇಳಿದೆ. ಅವರಿಬ್ಬರೂ ಬೆಂಚಿನ ಮೇಲೆ ಕೂತರು. ನಾನು ಒಂದರ ಹಿಂದೊಂದು ಬರುತ್ತಿದ್ದ ಫೋನು ಎತ್ತುತ್ತ ಹೋದೆ.

ಸ್ವಲ್ಪ ಹೊತ್ತಿಗೆ ಮಲ್ಲಮ್ಮ ಸಮಾಧಾನದಿಂದಲೇ ಕೇಳಿದರು: "ಯಪ್ಪಾ, ನಾ ಬಂದು ಕುಂತಾಗಿಂದ ನಾಕು ಮಂದಿಗೆ ‘ನಿಮ್ದೇ ಮೊದ್ಲು’ ಅಂದೀರಿ. ನಮ್ಮ ಹುಡುಗಿದು ಎಷ್ಟನೇ ಮೊದ್ಲು?"

ನನಗೆ ನಾಚಿಕೆಯಾಯಿತು. ಯಾರನ್ನೂ ನೋಯಿಸಬಾರದೆಂದು ಎಲ್ಲರನ್ನೂ ನಿಲ್ಲಿಸಿಬಿಟ್ಟಿದ್ದೆ. ಫೋನನ್ನು ಡ್ರಾವರಿನೊಳಗೆ ಹಾಕಿ, ನಾಲ್ಕೂ ಸರ್ವರ್‌ಗಳನ್ನು ಮೊದಲಿನ ಮೂವತ್ತೆರಡಕ್ಕೆ ಇಳಿಸಿ, ಒಂದೊಂದನ್ನೇ ಮತ್ತೆ ಚಾಲೂ ಮಾಡಿದೆ. ನಾಲ್ಕೂವರೆಗೆ ಪ್ರಿಂಟರ್ ಸದ್ದು ಮಾಡಿತು. ಹುಡುಗಿ ಅಂಕಪಟ್ಟಿಯಲ್ಲಿ ತನ್ನ ಹೆಸರನ್ನು ಎರಡು ಸಲ ಓದಿಕೊಂಡಳು. ಅದನ್ನು ನೋಡಿ ನನ್ನ ಕಣ್ಣು ಸ್ವಲ್ಪ ತುಂಬಿತು.

ಇಳಿಸಿದ್ದನ್ನು ವಿಭಾಗದವರಿಗೆ ಹೇಳುವ ಧೈರ್ಯ ಬರಲಿಲ್ಲ. ಯಾರಿಗೆ ಎಷ್ಟೆಂದು ಬರೆದು ನನ್ನ ಕೋಣೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಎಲ್ಲರ ಹೆಸರಿನ ಮುಂದೆಯೂ ಅರವತ್ನಾಲ್ಕು ಹಾಗೆಯೇ ಇದೆ. ಅರವತ್ನಾಲ್ಕು ಮಾಡಿದ ಮೇಲೆ ಭಾಳ ಛಲೋ ನಡೆದಿದೆ ಎಂದು ಸೂಪರಿಂಟೆಂಡೆಂಟರು ಮರುದಿನ ಹೊಗಳಿದರು. ಹೌದ್ರೀ ಎಂದೆ.

ಮಲ್ಲಮ್ಮನವರ ವಿಷಯ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಅಂದು ಹೊರಟವರು ಬಾಗಿಲಲ್ಲಿ ನಿಂತು, ತಮ್ಮೂರ ಶಾಲೆಯಲ್ಲೊಂದು ಕಂಪ್ಯೂಟರ್ ಕೆಟ್ಟು ಕೂತಿದೆ, ಭಾನುವಾರ ಮುಂಜಾನೆ ಬಂದು ನೋಡಲು ಆಗುತ್ತದೆಯೇ ಎಂದು ಕೇಳಿದರು. ತುಂಬಿದಾಗ ತುಂಬಿದೆ ಎನ್ನುವಷ್ಟು ಬುದ್ಧಿ ಆ ಪೆಟ್ಟಿಗೆಗಾದರೂ ಇದೆ.

"ಆತ್ರೀ ಯವ್ವಾ," ಎಂದೆ ನಾನು, "ನಿಮ್ದೇ ಮೊದ್ಲು."