ಹದಿನೇಳು ಕೊಲ್ಲಿಗಳ ದ್ವೀಪ

"ಇದು ದ್ವೀಪವೇನ್ರೀ? ಬಿಸ್ಕತ್ತು!"

ಬೆಳಿಗ್ಗೆ ಒಂಬತ್ತೂವರೆಗೆ ಸಂಪಾದಕರು ಕಾದಂಬರಿಯ ನಕ್ಷೆಯನ್ನು ಮೇಜಿನ ಮೇಲೆ ಎಸೆದರು. "ಲೋಟ ಬೋರಲು ಹಾಕಿ ಗೀರು ಎಳೆದ ಹಾಗಿದೆ. ಸಮುದ್ರ ಸಾವಿರ ವರ್ಷ ಕಚ್ಚಿದ ದಡ ಹೀಗಿರುತ್ತಾ? ನಾಲ್ಕು ಗಂಟೆಗೆ ಕಾದಂಬರಿಕಾರ್ತಿ ಬರ್ತಾರೆ. ಅವರು ಒಪ್ಪಿದ್ರೆ ನಿಮ್ಮ ಕೆಲಸ ಖಾಯಂ. ಇಲ್ಲಾಂದ್ರೆ ಕೆಮ್ಮಿನ ಔಷಧದ ಚೀಟಿಗಳೇ ಗತಿ."

ನಕ್ಷೆಗಾರ ಬಿಸ್ಕತ್ತನ್ನು ಎತ್ತಿಕೊಂಡ. ಆರು ವರ್ಷ ಸೀಸೆಗಳ ಚೀಟಿಯ ಮೇಲೆ 'ಚೆನ್ನಾಗಿ ಕುಲುಕಿ ಬಳಸಿ' ಎಂದು ಜೋಡಿಸಿ ಬಂದವನಿಗೆ ಈ ಪ್ರಕಾಶನದ ಮೂಲೆಯ ಕುರ್ಚಿಯೇ ಸಿಂಹಾಸನ.

ಆತ ಕಂಪ್ಯೂಟರಿನ ಮುಂದೆ ಕುಳಿತ. ಬಿಸ್ಕತ್ತಿನ ಅಂಚನ್ನು ಮಸುಕಾಗಿಸಿ, ಮೇಲೊಂದು ಮೋಡದಂಥ ಕಲೆಗಳ ಪದರ ಹರಡಿ, ಬೂದುಬಣ್ಣವನ್ನೆಲ್ಲ ಒಂದೇಟಿಗೆ ಕಪ್ಪು ಬಿಳುಪಾಗಿ ಸೀಳಿದ. ಪರದೆಯ ಮೇಲೆ ಇಲಿ ಕಡಿದ ಕಂಬಳಿಯಂಥ ದಡ ಎದ್ದಿತು. ಆಹಾ, ಇದಲ್ಲವೇ ದಡ! ಅಷ್ಟರಲ್ಲಿ ಭುಜದ ಮೇಲಿಂದ ಒಂದು ಕನ್ನಡಕ ಇಣುಕಿತು. ಕರಡು ತಿದ್ದುವ ಅಕ್ಕ.

"ಅಯ್ಯೋ, ಒಂಟೆ ಮಲಗಿದೆ ಕಣೋ!"

"ಅಕ್ಕಾ, ಇದು ದ್ವೀಪ."

"ದ್ವೀಪಾನೇ ಇರ್ಲಿ. ಅದರ ಡುಬ್ಬ ನೋಡು."

ಒಮ್ಮೆ ಕಂಡ ಒಂಟೆ ಕಣ್ಣಿನಿಂದ ಏಳಲೊಲ್ಲದು. ಆತ ಒರಟು ಬ್ರಶ್ ಹಿಡಿದು ಡುಬ್ಬದೊಳಗೆ ಕೊಲ್ಲಿಯೊಂದನ್ನು ಕೊರೆದ.

"ಈಗ ಬಾತುಕೋಳಿ," ಎಂದ ಮುಖಪುಟದ ಕಲಾವಿದ. ಅವನನ್ನು ಎಲ್ಲರೂ ಕರೆಯುವುದು 'ಗಡ್ಡ' ಎಂದೇ.

ಕೊಕ್ಕು ಕೊರೆದರೆ ಚಪ್ಪಲಿ. ಚಪ್ಪಲಿ ಕೊರೆದರೆ ಹಲ್ಲುನೋವಿನವನ ದವಡೆ. ಮಧ್ಯಾಹ್ನದ ಹೊತ್ತಿಗೆ ಕಚೇರಿಯೇ ಆ ಮೂಲೆಗೆ ವಲಸೆ ಬಂದಿತ್ತು.

ಮೂರೂ ಮುಕ್ಕಾಲಿಗೆ ಗಡ್ಡ ಪಿಸುಗುಟ್ಟಿದ: "ಗುರುವೇ, ಮುಗಿದೆ ನೀನು. ಕತ್ತು ಎಡಕ್ಕೆ ವಾಲಿಸಿ ನೋಡು."

ಎಲ್ಲರ ಕತ್ತುಗಳೂ ವಾಲಿದವು. ಅದೇ ಮೂಗು, ಅದೇ ಜೋಡಿ ಗಲ್ಲ. ಸಾಕ್ಷಾತ್ ಸಂಪಾದಕರು ಸಮುದ್ರದಲ್ಲಿ ತೇಲುತ್ತಿದ್ದರು!

ಹೊರಗೆ ಅವರದೇ ಬೂಟಿನ ಸದ್ದು. ನಕ್ಷೆಗಾರನ ಬೆರಳು ಗಡಬಡಿಸಿ ಮೂಗಿನ ಬದಲು ನೆಲದ ಪದರವನ್ನೇ ಅಳಿಸಿತು. ಪರದೆಯ ತುಂಬ ನೀಲಿ.

"ಪ್ರಳಯ!" ಎಂದಳು ಅಕ್ಕ.

ಆತ ದ್ವೀಪವನ್ನು ಮರಳಿ ಮೇಲೆತ್ತಿದ, ಮೂಗಿದ್ದಲ್ಲಿ ಆಳವಾದ ಕೊಲ್ಲಿ ತೋಡಿದ, ಗಲ್ಲಗಳನ್ನು ಎರಡಾಗಿ ಸೀಳಿ ಮುದ್ರಣದ ಗುಂಡಿ ಒತ್ತಿದ.

ಸಂಪಾದಕರ ಜೊತೆ ಒಳಬಂದ ಕಾದಂಬರಿಕಾರ್ತಿ ಬಿಸಿ ಕಾಗದವನ್ನು ಬೆಳಕಿಗೆ ಹಿಡಿದು ದಡದುದ್ದಕ್ಕೂ ಬೆರಳು ಸರಿಸುತ್ತ ಹೋದರು. ಬೆರಳು ಅಲ್ಲಲ್ಲಿ ನಿಂತಿತು. ತುಟಿ ಏನನ್ನೋ ಎಣಿಸಿತು.

"ಎಷ್ಟು ಸಹಜವಾಗಿದೆ!" ಅವರ ಕಣ್ಣು ಒದ್ದೆಯಾಗಿತ್ತು. "ಉಪ್ಪುಗಾಳಿ ಮುಖಕ್ಕೇ ಬಡೀತಿದೆ."

"ಅಂದ್ರೆ, ಒಪ್ಪಿಗೆ?" ಸಂಪಾದಕರು ಅರಳಿದರು.

"ಪೂರ್ತಿ ಒಪ್ಪಿಗೆ. ಇದೇ ನನ್ನ ದ್ವೀಪ. ಹಸ್ತಪ್ರತಿ ವಾಪಸ್ ಕೊಡಿ."

"ವಾಪಸ್ಸಾ? ಯಾಕಮ್ಮಾ?"

"ನನ್ನ ಕತೇಲಿ ದ್ವೀಪಕ್ಕೆ ಇರೋದು ಒಂದೇ ರೇವು. ಅದರ ಬಾಗಿಲಲ್ಲಿ ಶತ್ರುಸೈನ್ಯ ಹನ್ನೆರಡು ವರ್ಷ ಕಾಯುತ್ತೆ, ಆರುನೂರು ಪುಟ. ಇಲ್ಲಿ ನೋಡಿದ್ರೆ ಹದಿನೇಳು ಕೊಲ್ಲಿ! ಯಾವ ದಡ್ಡ ಸೇನಾಪತಿ ಕಾಯ್ತಾನೆ ಹೇಳಿ? ಮೂರನೇ ಪುಟದಲ್ಲೇ ಇಳಿದು ಊಟಕ್ಕೆ ಕೂತಿರ್ತಾನೆ. ತಪ್ಪು ನಂದೇ. ಮೊದಲಿಂದ ಬರೀತೀನಿ, ಮೂರು ವರ್ಷ ಸಾಕು."

ಅವರು ಹಸ್ತಪ್ರತಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದರು. ಸಂಪಾದಕರು ಅಕ್ಕನತ್ತ ತಿರುಗಿದರು.

"ಎರಡು ಸಲ ಓದಿದ್ರಲ್ಲಾ, ಒಂದೇ ರೇವು ಅಂತ ಹೇಳಬಾರದಿತ್ತಾ?"

"ನಾನು ಕಾಗುಣಿತ ನೋಡ್ತೀನಿ ಸಾರ್, ಕತೆ ನೋಡಲ್ಲ."

ನಕ್ಷೆಗಾರ ಕೆಮ್ಮಿದ. "ಸಾರ್, ಅವರು ಒಪ್ಪಿದ್ರಲ್ಲಾ... ನನ್ನ ಕೆಲಸ?"

"ಖಾಯಂ ಕಣ್ರೀ! ಮಾತಂದ್ರೆ ಮಾತು." ಸಂಪಾದಕರು ಆತನ ಬೆನ್ನು ತಟ್ಟಿದರು. "ಪುಸ್ತಕ ಅಚ್ಚಾಗಿ ಬಂದ ದಿನದಿಂದ."