ಕರಿ ಡಬ್ಬಿ, ಬಿಳಿ ಡಬ್ಬಿ ಮತ್ತು ನಮ್ಮ ಮಾಮಾ

ನಮ್ಮ ಮಾಮಾ ಹುಟ್ಟಿದಾಗಿನಿಂದ ಯಾರಿಗೂ ಸೋಲೊಪ್ಪಿದವನಲ್ಲ. ಪೈಲ್ವಾನನಿರಬೇಕು ಅಂದುಕೊಂಡಿರಾ? ಬಿಡಿ, ಜೋರಾಗಿ ಗಾಳಿ ಬೀಸಿದರೆ ಕಂಬ ಹಿಡಿದು ನಿಲ್ಲುವ ಆಸಾಮಿ! ಅವನ ಯುದ್ಧವೆಲ್ಲ ಟಿವಿಯ ಮುಂದೆ, ಎರಡು ಹೆಬ್ಬೆರಳುಗಳಿಂದ.

ತೊಂಬತ್ತರ ದಶಕದ ಕೊನೆ. ಕಾಲೇಜು ಓದಲೆಂದು ನಾನು ದಾಂಡೇಲಿಯ ಅಂಬೇವಾಡಿಯಲ್ಲಿ ಅವನ ಮನೆಯಲ್ಲಿದ್ದೆ. ಮೂವತ್ತು ದಾಟಿದ ಮಾಮಾನ ಬಳಿ ಬಿಳಿ ಬಣ್ಣದ ವಿಡಿಯೋ ಗೇಮ್ ಡಬ್ಬಿಯಿತ್ತು. ಹಳಿಯಾಳದ ಅವನ ಗೆಳೆಯನ ಬಳಿ ಬೇರೆ ಕಂಪನಿಯ ಕರಿ ಡಬ್ಬಿ. ಜಪಾನಿ ಕಾರ್ಟೂನಿನ ಒಂದೇ ಹೊಡೆದಾಟದ ಆಟ ಎರಡಕ್ಕೂ ಬಂದಿತ್ತು. ಕೆಂಪುಗೂದಲ ಹುಡುಗನೊಬ್ಬ ಬೀದಿ ತುಂಬ ರೌಡಿಗಳನ್ನು ಗುದ್ದುತ್ತ ಹೋಗುವುದು, ಅಷ್ಟೇ. ಯಾವ ಡಬ್ಬಿಯಲ್ಲಿ ಆಟ ಚೆನ್ನ ಎಂದು ಇಬ್ಬರು ಮೀಸೆ ಹೊತ್ತ ಗಂಡಸರು ವರ್ಷಗಟ್ಟಲೆ ಜಗಳಾಡಿದರೆಂದರೆ ನಂಬುತ್ತೀರಾ?

“ನಮ್ಮದರಾಗ ಮುಗಿಲಿನ್ಯಾಗ ಮೋಡ ಓಡತಾವ. ನಿಂದರಾಗ?” ಎನ್ನುವನು ಮಾಮಾ.

“ನಮ್ಮದರಾಗ ಗುದ್ದು ಗುದ್ದಿನಂಗ ಕೇಳತೈತಿ. ನಿಂದರಾಗ ಹಪ್ಪಳ ಮುರದಂಗ! ಮೂರು ರೌಡಿ ಕೂಡಿ ಬಂದ್ರ ಚಿತ್ರಾನ ಮಿಣಮಿಣ ಅಂತೈತಿ.”

“ನಮ್ಮ ಹುಡುಗನ್ನ ನೋಡಿ ಹೆದರಿ ನಡಗತಾರಲೇ ಅವ್ರು!”

ಒಮ್ಮೆ ಮಾಮಾನನ್ನು ಮುಂಡಗೋಡಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದೆವು. ಹುಡುಗಿಗೆ ಏನಾದರೂ ಕೇಳು ಎಂದರೆ, “ನಿಮ್ಮ ಮನ್ಯಾಗ ವಿಡಿಯೋ ಗೇಮ್ ಯಾವುದೈತ್ರಿ, ಕರೇದೋ ಬಿಳೇದೋ?” ಎಂದ. “ನಾವು ಟಿವಿನ ಇಟ್ಟಿಲ್ರಿ” ಎಂದರು ಹುಡುಗಿಯ ಅಪ್ಪ. ಸಂಬಂಧ ಚಹಾದ ಕಪ್ಪಿನಲ್ಲೇ ತಣ್ಣಗಾಯಿತು!

ಮಗನ ಆಟಕ್ಕೆ ಕಾಯಂ ಪ್ರೇಕ್ಷಕಿ ನಮ್ಮ ಅಜ್ಜಿ. “ಪಾಪ, ಒಂದ ಹುಡುಗನ್ನ ಇಷ್ಟ ಮಂದಿ ಬಡೀತಾರಲ್ಲೋ!” ಎಂದು ಮರುಗುವಳು. ಸೋಮವಾರ ಪೂಜೆ ಮುಗಿಸಿ ನಮ್ಮೆಲ್ಲರ ಹಣೆಗೆ ವಿಭೂತಿ ಹಚ್ಚಿದ ಮೇಲೆ, ಆ ಹುಡುಗನಿಗೂ ಇರಲಿ ಎಂದು ಡಬ್ಬಿಗೆ ಒಂದಿಷ್ಟು ಹಚ್ಚುವಳು.

ಅಂಥದೇ ಒಂದು ಸೋಮವಾರ, ರಜೆಯ ದಿನ, ಕೊನೆಯ ತೀರ್ಮಾನವೆಂದು ಗೆಳೆಯ ಕರಿ ಡಬ್ಬಿ ಹೊತ್ತುಕೊಂಡು ಬಸ್ಸಿಳಿದ. ಓಣಿಯ ಹಿರಿಯರು ಪಂಚರು. ಸೋತವನು ಎಲ್ಲರೆದುರು ಬಾಯಿಬಿಟ್ಟು ಒಪ್ಪಬೇಕು. ಕರಿ ಡಬ್ಬಿಯ ಆಟ ಚೆನ್ನಾಗಿಯೇ ನಡೆಯಿತು. ಇನ್ನು ನಮ್ಮ ಸರದಿ. ಮಾನದ ಪ್ರಶ್ನೆಯಲ್ಲವೇ? ಅಜ್ಜಿ ಧಾರಾಳವಾಗಿ, ಡಬ್ಬಿಯ ತುಂಬ ವಿಭೂತಿ ಬಳಿದಳು.

ಮಾಮಾ ಆಟದ ಕ್ಯಾಸೆಟ್ಟನ್ನು ಡಬ್ಬಿಗೆ ತೂರಿಸಿದ. ಪರದೆಯ ಮೇಲೆ ಬರೀ ಗೆರೆ. ತೆಗೆದು ಊದಿದ, ಮತ್ತೆ ತೂರಿಸಿದ. ಮತ್ತೆ ಗೆರೆ. ಬಗ್ಗಿ ಕ್ಯಾಸೆಟ್ ಕೂರುವ ಸಂದಿಯಲ್ಲಿ ಇಣುಕಿದ. ಪಕ್ಕದಲ್ಲಿದ್ದ ನನಗೂ ಕಂಡಿತು. ಒಳಗೆಲ್ಲ ವಿಭೂತಿ!

ಒಂದು ಮಾತು ಹೇಳಿದ್ದರೆ ಸಾಕಿತ್ತು. ಒರೆಸಿಕೊಂಡು ಆಡು ಎಂದು ಪಂಚರೇ ಅನ್ನುತ್ತಿದ್ದರು. ಆದರೆ ಎದುರಿಗೆ ಅಜ್ಜಿ ಕೈಮುಗಿದು ಕುಳಿತಿದ್ದಳು. “ನಾ ಕೈಯಾರೆ ಹಚ್ಚೇನಿ. ಇವತ್ತ ನನ್ನ ಹುಡುಗ ಗೆಲ್ತಾನ.”

ಮಾಮಾ ಸಂದಿಯನ್ನು ಅಂಗೈಯಿಂದ ಮುಚ್ಚಿದ. “ಡಬ್ಬಿ ಹಳೇದಾತವ್ವಾ. ನಿನ್ನ ವಿಭೂತಿಯಿಂದನ ಇಷ್ಟು ದಿನ ನಡೀತು,” ಎಂದ. ಆಮೇಲೆ ಗೆಳೆಯನ ಕಡೆ ತಿರುಗಿ, “ನಿಂದ ಚಲೋ ಐತಿ ಬಿಡಪಾ.”

ಗೆಳೆಯ ಗೆದ್ದ ಖುಷಿ ಮರೆತು ಬಾಯಿ ತೆರೆದು ಕುಳಿತ. ನಾನು ಎಷ್ಟು ಆಡಿಕೊಂಡು ನಕ್ಕಿದ್ದೆ ಈ ಮನುಷ್ಯನನ್ನು! ಅಂದು ಮಾಮಾನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಮರುದಿನ ಹಿತ್ತಲಲ್ಲಿ ಕುಳಿತು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಡಬ್ಬಿ ಸ್ವಚ್ಛ ಮಾಡುತ್ತಿದ್ದ. ನನ್ನನ್ನು ಕಂಡು, “ಅವ್ವಗ ಹೇಳಬ್ಯಾಡ” ಎಂದ. ಮುಂದಿನ ಸೋಮವಾರ ತಾನೇ ಡಬ್ಬಿ ಎತ್ತಿಕೊಂಡು ಅಜ್ಜಿಯ ಮುಂದೆ ಹಿಡಿದ, ಸಂದಿಯ ಮೇಲೆ ಕರವಸ್ತ್ರ ಹೊದಿಸಿ. “ಹಚ್ಚವ್ವಾ,” ಎಂದ.